ರೈಲಿನ ಕಿಟಕಿಯಿಂದ ಕ್ಯಾನ್ವಾಸಿನವರೆಗೆ: ಟರ್ನರ್‌ನ ಒಂದು ಚಿತ್ರದ ಅಧ್ಯಯನ ಟಿಪ್ಪಣಿ

ಈ ಟಿಪ್ಪಣಿ ಓದುವ ಮೊದಲು ‘ರೇನ್, ಸ್ಟೀಮ್ ಆ್ಯಂಡ್ ಸ್ಪೀಡ್ – ದಿ ಗ್ರೇಟ್ ವೆಸ್ಟರ್ನ್ ರೈಲ್ವೆ’ ಚಿತ್ರದ ಒಳ್ಳೆಯ ಪ್ರತಿಯೊಂದನ್ನು ಎದುರಿಗೆ ತೆರೆದಿಟ್ಟುಕೊಳ್ಳಿ. ಮೂಲಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ, ಅಳತೆ ಸುಮಾರು 91 x 122 ಸೆಂ.ಮೀ. ಇಂಗ್ಲಿಷ್ ಚಿತ್ರಕಾರ ಜೆ.ಎಂ.ಡಬ್ಲ್ಯು. ಟರ್ನರ್ ಇದನ್ನು 1844ರಲ್ಲಿ ಲಂಡನ್ನಿನ ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿಯ ಪ್ರದರ್ಶನಕ್ಕೆ ಇಟ್ಟಾಗ ಅವನಿಗೆ 69 ವರ್ಷ. ಪ್ರಯಾಣದ ನಡುವೆ ಕ್ಷಣಮಾತ್ರ ಕಂಡದ್ದು ದೊಡ್ಡ ಎಣ್ಣೆಬಣ್ಣದ ಚಿತ್ರವಾಗುವುದು ಹೇಗೆ ಎಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಕಂಡದ್ದನ್ನು ಕಂಡ ಹಾಗೇ ಇಳಿಸಿದ ಚಿತ್ರ ಇದಲ್ಲ ಎಂಬುದೇ ಆ ಪಾಠದ ಮುಖ್ಯ ಭಾಗ.

ಮೊದಲು ಚಿತ್ರದಲ್ಲಿ ಏನಿದೆ ನೋಡೋಣ. ಮೇಲಿನ ಅರ್ಧವೆಲ್ಲ ಮಳೆ, ಮಂಜು, ಬಿಸಿಲು ಒಂದರೊಳಗೊಂದು ಬೆರೆತ ಆಕಾಶ. ಕ್ಯಾನ್ವಾಸಿನ ನಡುಮಧ್ಯದಿಂದ ಬಲಗಡೆಯ ಕೆಳಮೂಲೆಯತ್ತ ಒಂದು ಸೇತುವೆ ಅಗಲವಾಗುತ್ತ ಬರುತ್ತದೆ. ಅದರ ಮೇಲೆ ಕಪ್ಪು ಎಂಜಿನ್, ಹಿಂದೆ ಡಬ್ಬಿಗಳು. ಕೆಳಗೆ ಥೇಮ್ಸ್ ನದಿ, ನದಿಯಲ್ಲಿ ಪುಟ್ಟ ದೋಣಿ. ಎಡಕ್ಕೆ ದೂರದಲ್ಲಿ ಹಳೆಯ ರಸ್ತೆ ಸೇತುವೆ ಮಸುಕಾಗಿ ನಿಂತಿದೆ. ಬಲಕ್ಕೆ ಹೊಲದಲ್ಲಿ ಕುದುರೆ ಕಟ್ಟಿ ಉಳುವವನೊಬ್ಬ. ಎಂಜಿನ್ನಿನ ಮುಂದೆ, ಹಳಿಯ ಮೇಲೆ, ಜೀವ ಉಳಿಸಿಕೊಳ್ಳಲು ಓಡುತ್ತಿರುವ ಒಂದು ಕಾಡುಮೊಲ. ಬಣ್ಣ ತೆಳುವಾಗಿರುವುದರಿಂದ ಇವತ್ತು ಮೊಲವನ್ನು ಹುಡುಕಿ ನೋಡಬೇಕು, ಆದರೆ ಅದು ಇದೆ.

ಈ ಸೇತುವೆ ಕಲ್ಪನೆಯದ್ದಲ್ಲ. ಮೇಡನ್‌ಹೆಡ್ ಬಳಿ ಥೇಮ್ಸ್ ದಾಟಲು ಗ್ರೇಟ್ ವೆಸ್ಟರ್ನ್ ರೈಲ್ವೆಯ ಎಂಜಿನಿಯರ್ ಇಸಾಂಬಾರ್ಡ್ ಕಿಂಗ್ಡಮ್ ಬ್ರೂನೆಲ್ ಕಟ್ಟಿಸಿದ ಇಟ್ಟಿಗೆಯ ಸೇತುವೆ. ನದಿಯ ಮೇಲೆ ಎರಡೇ ಕಮಾನು, ಒಂದೊಂದರ ಅಗಲ 128 ಅಡಿ, ಎತ್ತರ ಬರೀ 24 ಅಡಿ. ಇಷ್ಟು ಚಪ್ಪಟೆಯಾದ ಕಮಾನು ನಿಲ್ಲುವುದಿಲ್ಲ, ಬಿದ್ದೇ ಬೀಳುತ್ತದೆ ಎಂದು ಅಂದಿನವರು ಹೇಳುತ್ತಿದ್ದರು. 1839ರಲ್ಲಿ ರೈಲು ಓಡಲು ಶುರುವಾಯಿತು, ಇವತ್ತಿಗೂ ಓಡುತ್ತಿದೆ. ಲಂಡನ್–ಬ್ರಿಸ್ಟಲ್ ಮಾರ್ಗ ಪೂರ್ತಿ ತೆರೆದದ್ದು 1841ರಲ್ಲಿ. ಮರುವರ್ಷ ವಿಕ್ಟೋರಿಯಾ ರಾಣಿ ಮೊದಲ ಸಲ ರೈಲು ಹತ್ತಿದ್ದೂ ಇದೇ ಕಂಪನಿಯ ಹಳಿಯ ಮೇಲೆ, ಸ್ಲೌನಿಂದ ಪ್ಯಾಡಿಂಗ್ಟನ್‌ಗೆ. ಅಂದರೆ ಟರ್ನರ್ ಕುಂಚ ಹಿಡಿದಾಗ ರೈಲಿನ ವೇಗ ಜನರ ಮೈಗೆ ಇನ್ನೂ ಹೊಸದು. ಕುದುರೆಗಾಡಿಯಲ್ಲೇ ಅರುವತ್ತು ವರ್ಷ ಕಳೆದವನ ಮೈಗಂತೂ ಇನ್ನಷ್ಟು ಹೊಸದು.

ಕಿಟಕಿಯ ಕಥೆ

ಈ ಚಿತ್ರದ ಹುಟ್ಟಿನ ಬಗ್ಗೆ ಒಂದು ಪ್ರಸಿದ್ಧ ಕಥೆಯಿದೆ. ವೈದ್ಯ ಜಾನ್ ಸೈಮನ್ ಅವರ ಪತ್ನಿ ಜೇನ್ ಸೈಮನ್ ಇದನ್ನು ವಿಮರ್ಶಕ ಜಾನ್ ರಸ್ಕಿನ್‌ಗೆ ತಿಳಿಸಿದ್ದರು. 1843ರ ಜೂನ್‌ನಲ್ಲಿ ಆಕೆ ಪಶ್ಚಿಮ ಇಂಗ್ಲೆಂಡಿನಿಂದ ಲಂಡನ್ ಕಡೆಗೆ ರೈಲಿನಲ್ಲಿ ಬರುತ್ತಿದ್ದರು. ಹೊರಗೆ ಗಾಳಿಮಳೆ, ಗುಡುಗು. ಎದುರು ಸೀಟಿನಲ್ಲಿದ್ದ ವಯಸ್ಸಾದ ಗಂಡಸು, ಕಿಟಕಿ ತೆರೆದರೆ ನಿಮಗೆ ತೊಂದರೆಯಾಗುತ್ತದೆಯೇ ಎಂದು ಕೇಳಿ, ತಲೆಯನ್ನು ಹೊರಗೆ ಹಾಕಿ ಮಳೆಯಲ್ಲೇ ನೋಡುತ್ತ ಉಳಿದ. ಒಳಗೆ ಬಂದಾಗ ನೀರು ಸುರಿಯುತ್ತಿತ್ತು, ಕಣ್ಣು ಮುಚ್ಚಿ ಕುಳಿತ. ಆತ ನೋಡಿದ್ದೇನಿರಬಹುದು ಎಂದು ಆಕೆಯೂ ತಲೆ ಹೊರಹಾಕಿ ನೋಡಿದರು. ಮರುವರ್ಷ ಅಕಾಡೆಮಿಯಲ್ಲಿ ಈ ಚಿತ್ರದ ಮುಂದೆ ನಿಂತ ಯಾರೋ, ಇಂಥ ಕಲಸುಮೇಲೋಗರವನ್ನು ಯಾರು ಕಂಡಿದ್ದಾರೆ ಎಂದು ಆಡಿಕೊಂಡಾಗ, ನಾನು ಕಂಡಿದ್ದೇನೆ ಎಂದು ಆಕೆ ಉತ್ತರಿಸಿದರಂತೆ. ಎದುರು ಸೀಟಿನ ಆತನೇ ಟರ್ನರ್ ಎನ್ನುತ್ತದೆ ಕಥೆ.

ಕಥೆ ಅಚ್ಚಾದದ್ದು ಘಟನೆ ನಡೆದು ದಶಕಗಳಾದ ಮೇಲೆ. ಅದರ ಪ್ರತಿ ವಿವರವನ್ನೂ ಹಾಗೇ ನಂಬಬಾರದು ಎಂದು ಕಲಾ ಇತಿಹಾಸಕಾರರು ಎಚ್ಚರಿಸಿದ್ದಾರೆ, ಅದು ಸರಿ ಕೂಡ. ಆದರೂ ವಿದ್ಯಾರ್ಥಿಗೆ ಕಥೆ ಒಂದು ಕಾರಣಕ್ಕೆ ಬಹಳ ಉಪಯುಕ್ತ. ಕಥೆಯನ್ನೂ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಥೆಯಲ್ಲಿ ಟರ್ನರ್ ರೈಲಿನೊಳಗೆ ಇದ್ದಾನೆ, ಚಿತ್ರದಲ್ಲಿ ರೈಲಿನ ಹೊರಗೆ, ಅದರ ಎದುರಿಗೆ, ನದಿಯ ಮೇಲೆ ಎಲ್ಲೋ ಎತ್ತರದಲ್ಲಿ. ಕಥೆಯ ರೈಲು ಲಂಡನ್ನಿಗೆ ಹೋಗುತ್ತಿದೆ, ಚಿತ್ರದ ರೈಲು ಲಂಡನ್ನಿನಿಂದ ಪಶ್ಚಿಮಕ್ಕೆ ಬರುತ್ತಿದೆ. ಕಿಟಕಿಯಿಂದ ತಲೆ ಹಾಕಿದ ಪ್ರಯಾಣಿಕನಿಗೆ ತನ್ನದೇ ಎಂಜಿನ್ನಿನ ಮುಖ ಕಾಣುವುದು ಸಾಧ್ಯವೇ ಇಲ್ಲ.

ನನ್ನ ಪ್ರಕಾರ ಇಡೀ ಅಧ್ಯಯನದ ತಿರುಳು ಇಲ್ಲಿದೆ. ಆ ಕಿಟಕಿ ಕೊಟ್ಟದ್ದು ದೃಶ್ಯವನ್ನಲ್ಲ. ಮುಖಕ್ಕೆ ಹೊಡೆಯುವ ಮಳೆ, ಅಂಚು ಕಳೆದುಕೊಂಡ ಮರಗಳು, ಮಂಜೋ ಹೊಗೆಯೋ ತಿಳಿಯದ ಬಿಳುಪು, ಎಲ್ಲವೂ ಒಂದೇ ದಿಕ್ಕಿಗೆ ಎಳೆದುಕೊಂಡು ಹೋಗುವ ಅನುಭವ: ಕೊಟ್ಟದ್ದು ಇಷ್ಟು. ಇದನ್ನು ನೋಡುವವನಿಗೆ ದಾಟಿಸಬೇಕಾದರೆ ಕಿಟಕಿಯ ಜಾಗವನ್ನೇ ಬಿಡಬೇಕಾಯಿತು. ಒಳಗೆ ಕುಳಿತವನಿಗೆ ವೇಗ ಮೈಗೆ ತಾಗುತ್ತದೆ, ಚಿತ್ರ ನೋಡುವವನ ಮೈಗೆ ಏನೂ ತಾಗುವುದಿಲ್ಲ. ಅವನಿಗೆ ರೈಲು ಎದುರಿನಿಂದ ನುಗ್ಗಿ ಬರಬೇಕು. ಹಾಗಾಗಿ ಟರ್ನರ್ ಅನುಭವವನ್ನು ಉಳಿಸಿಕೊಂಡು ನೋಟದ ಜಾಗವನ್ನು ಬದಲಿಸಿದ. ನಾವು ಸಾಮಾನ್ಯವಾಗಿ ಇದರ ತದ್ವಿರುದ್ಧ ಮಾಡುತ್ತೇವೆ. ಬಸ್ಸಿನಿಂದ ಕಂಡದ್ದನ್ನು ಫೋನಿನಲ್ಲಿ ತೆಗೆದು, ಆ ಫೋಟೊದ ಕೋನವನ್ನು ಒಂದಿಷ್ಟೂ ಕದಲಿಸದೆ ಬರೆಯುತ್ತೇವೆ. ನಮ್ಮನ್ನು ನಿಲ್ಲಿಸಿದ ಅನುಭವ ಮಾತ್ರ ಅದರಲ್ಲಿ ಇರುವುದಿಲ್ಲ.

ಕಣ್ಣಿಗೆ ಬೀಳುವ ಮೊದಲು

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಆ ಕ್ಷಣ ಫಲ ಕೊಟ್ಟದ್ದು ಅದರ ಹಿಂದೆ ಐವತ್ತು ವರ್ಷದ ಅಭ್ಯಾಸ ಇದ್ದುದರಿಂದ. ಟರ್ನರ್ ಜೀವಮಾನವಿಡೀ ಅಲೆದವನು. ಬೇಸಿಗೆಯಲ್ಲಿ ಪ್ರವಾಸ, ಚಳಿಗಾಲದಲ್ಲಿ ಸ್ಟುಡಿಯೊ, ಇದು ಅವನ ರೂಢಿ. ಜೇಬಿನಲ್ಲಿ ಹಿಡಿಯುವಂಥ ಸ್ಕೆಚ್ ಪುಸ್ತಕಗಳು ಸುಮಾರು 300 ಉಳಿದಿವೆ, ಹೆಚ್ಚಿನವು ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದಲ್ಲಿವೆ. ಬಹುಪಾಲು ಬರೀ ಪೆನ್ಸಿಲ್ ಗೆರೆ. 1819ರಲ್ಲಿ ಇಟಲಿಗೆ ಹೋಗಿದ್ದಾಗ, ಹೊರಗೆ ಕುಳಿತು ಬಣ್ಣ ಹಚ್ಚಬಾರದೇಕೆ ಎಂದು ಯಾರೋ ಕೇಳಿದ್ದಕ್ಕೆ, ಒಂದು ಬಣ್ಣದ ಚಿತ್ರ ಮಾಡುವ ಹೊತ್ತಿಗೆ ಹದಿನೈದೋ ಹದಿನಾರೋ ಪೆನ್ಸಿಲ್ ಸ್ಕೆಚ್ ಆಗುತ್ತದೆ ಎಂದನಂತೆ. ಆಗ ನೇಪಲ್ಸ್‌ನಲ್ಲಿದ್ದ ವಾಸ್ತುಶಿಲ್ಪಿ ಜಾನ್ ಸೋನ್ ಅವರ ಮಗ ಬರೆದ ಪತ್ರದಲ್ಲಿ ಈ ಮಾತಿದೆ.

ಹೊರಗೆ ಎಣ್ಣೆಬಣ್ಣ ಬರೆಯಲು ಅವನಿಗೆ ಬರುತ್ತಿರಲಿಲ್ಲವೆಂದಲ್ಲ. ಥೇಮ್ಸ್ ದಂಡೆಯಲ್ಲಿ ತೆಳ್ಳನೆಯ ಮಹಾಗನಿ ಹಲಗೆಗಳ ಮೇಲೆ ಬರೆದಿದ್ದಾನೆ, 1813ರಲ್ಲಿ ಡೆವನ್‌ನಲ್ಲೂ ಬರೆದಿದ್ದಾನೆ. ಆದರೆ ಆ ಕಾಲದಲ್ಲಿ ಎಣ್ಣೆಬಣ್ಣ ಬರುತ್ತಿದ್ದದ್ದು ಹಂದಿಯ ಮೂತ್ರಕೋಶದ ಸಣ್ಣ ಚೀಲಗಳಲ್ಲಿ. ಚುಚ್ಚಿ ಹಿಂಡಬೇಕು, ಒಮ್ಮೆ ಚುಚ್ಚಿದರೆ ಮತ್ತೆ ಸರಿಯಾಗಿ ಮುಚ್ಚಲಾಗದು. ನಾವು ಬಳಸುವ ಲೋಹದ ಟ್ಯೂಬಿಗೆ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ ಪೇಟೆಂಟ್ ಪಡೆದದ್ದು 1841ರಲ್ಲಿ. ಪ್ರಯಾಣಕ್ಕೆ ಪೆನ್ಸಿಲ್ಲೇ ಸರಿ ಎಂಬ ತೀರ್ಮಾನದಲ್ಲಿ ಬುದ್ಧಿಯೂ ಇದೆ, ಅನಿವಾರ್ಯವೂ ಇದೆ.

ಅವನು ಪ್ರಯಾಣದಲ್ಲಿ ಹೇಗಿರುತ್ತಿದ್ದ ಎಂಬುದಕ್ಕೆ 1829ರ ಒಂದು ಪತ್ರ ಸಾಕ್ಷಿ. ಚಿತ್ರಕಾರ ಥಾಮಸ್ ಯುವಿನ್ಸ್ ತನ್ನ ಗೆಳೆಯನೊಬ್ಬನ ಮಾತನ್ನು ಅದರಲ್ಲಿ ಬರೆದಿದ್ದಾನೆ. ಆ ಯುವಕ ಇಟಲಿಯಲ್ಲಿ ಗಾಡಿಯಲ್ಲಿ ಬರುವಾಗ ಜೊತೆಗೆ ಗಿಡ್ಡಗಿನ, ತಮಾಷೆಯ ಸ್ವಭಾವದ, ವಯಸ್ಸಾದ ಇಂಗ್ಲಿಷರವನಿದ್ದ. ಇಟಾಲಿಯನ್ ನಾಲ್ಕು ಮಾತು, ಫ್ರೆಂಚ್ ನಾಲ್ಕು ಮಾತು, ಎರಡನ್ನೂ ಬೆರೆಸಿ ಮಾತಾಡುವವನು. ದಾರಿಯುದ್ದಕ್ಕೂ ಕಿಟಕಿಯಿಂದ ತಲೆ ಹಾಕಿ ಹಾಕಿ ಕಂಡದ್ದನ್ನು ಸ್ಕೆಚ್ ಮಾಡುತ್ತಿದ್ದ. ಮಾಚೆರಾಟಾದಲ್ಲಿ ಸೂರ್ಯೋದಯ ಬರೆದುಕೊಳ್ಳಲು ಗಾಡಿ ನಿಲ್ಲಿಸು ಎಂದರೆ ಗಾಡಿಯವನು ನಿಲ್ಲಿಸಲಿಲ್ಲ. ಇವನಿಗೆ ಭಾವನೆಯೇ ಇಲ್ಲ ಎಂದು ಮುದುಕ ಸಿಡಿಮಿಡಿಗೊಂಡನಂತೆ. ಆ ಮುದುಕ ಟರ್ನರ್. ಅಂದರೆ 1843ರ ಕಿಟಕಿಯ ಕಥೆ ವಿವರದಲ್ಲಿ ಹೇಗಾದರೂ ಇರಲಿ, ಸ್ವಭಾವದಲ್ಲಿ ಸುಳ್ಳಲ್ಲ.

ಆ ಸ್ಕೆಚ್‌ಗಳನ್ನು ಹಿಗ್ಗಿಸಿ ನೋಡಿದರೆ ಅವನು ಏನನ್ನು ಹಿಡಿಯುತ್ತಿದ್ದ, ಏನನ್ನು ಬಿಡುತ್ತಿದ್ದ ಎಂಬುದು ತಿಳಿಯುತ್ತದೆ. ಬೆಟ್ಟದ ಅಂಚು, ಗೋಪುರ ಎಲ್ಲಿ ಆಕಾಶವನ್ನು ಮುಟ್ಟುತ್ತದೆ, ನೀರಿನ ಗೆರೆ ಎಲ್ಲಿದೆ, ಇಷ್ಟು ಗೆರೆಯಲ್ಲಿ. ಬಣ್ಣವನ್ನು ಅಲ್ಲಲ್ಲಿ ಒಂದೊಂದು ಮಾತಿನಲ್ಲಿ ಬರೆದಿಟ್ಟಿರುತ್ತಾನೆ. ನೆರಳು ತುಂಬುವ ಗೋಜಿಗೆ ಹೆಚ್ಚು ಹೋಗುವುದಿಲ್ಲ. ಬೆಳಕನ್ನು ನೆನಪಿಗೆ ಬಿಟ್ಟು, ನೆನಪು ಹಿಡಿಯಲಾರದ್ದನ್ನು ಮಾತ್ರ ಕಾಗದಕ್ಕೆ ಕೊಡುತ್ತಿದ್ದ. ಕ್ಷಣದಲ್ಲಿ ಮರೆಯಾಗುವ ದೃಶ್ಯದ ಮುಂದೆ ನಾವು ಮೊದಲು ಬಣ್ಣದ ಹಿಂದೆ ಓಡುತ್ತೇವೆ, ಅವನು ಮೊದಲು ಜಾಗಗಳ ಲೆಕ್ಕ ಹಿಡಿಯುತ್ತಿದ್ದ.

ಎರಡು ವರ್ಷ ಕಾದ ಬಿರುಗಾಳಿ

ಕಂಡ ಜಾಗ ಬೇರೆ, ಬರೆದ ಜಾಗ ಬೇರೆ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 1810ರಲ್ಲಿ ಟರ್ನರ್ ಯಾರ್ಕ್‌ಷೈರ್‌ನ ಫಾರ್ನ್ಲಿ ಹಾಲ್‌ನಲ್ಲಿ, ಪೋಷಕನಾಗಿದ್ದ ವಾಲ್ಟರ್ ಫಾಕ್ಸ್ ಮನೆಯಲ್ಲಿ ಉಳಿದುಕೊಂಡಿದ್ದ. ಕಣಿವೆಯ ಮೇಲೆ ಗುಡುಗುಮಳೆ ಎದ್ದಾಗ ಮನೆಯ ಮಗ ಹಾಕ್ಸ್‌ವರ್ತ್‌ನನ್ನು ಕೂಗಿ ಕರೆದು ತೋರಿಸಿ, ಕೈಗೆ ಸಿಕ್ಕ ಕಾಗದದ ಹಿಂಬದಿಯಲ್ಲಿ ಮೋಡದ ಆಕಾರ, ಬಣ್ಣ ಗುರುತು ಹಾಕಿಕೊಂಡ. ಒಳ್ಳೆಯ ಡ್ರಾಯಿಂಗ್ ಕಾಗದ ತಂದುಕೊಡಲೇ ಎಂದರೆ, ಇದೇ ಸಾಕು ಎಂದ. ಮಳೆ ನಿಂತಮೇಲೆ, ಇನ್ನೆರಡು ವರ್ಷಕ್ಕೆ ಇದನ್ನು ಮತ್ತೆ ನೋಡುತ್ತೀಯ, ಆಲ್ಪ್ಸ್ ದಾಟುವ ಹ್ಯಾನಿಬಲ್ ಎಂದು ಕರೆಯುತ್ತೀಯ ಎಂದನಂತೆ. ಹ್ಯಾನಿಬಲ್ ಎಂದರೆ ಸೈನ್ಯದೊಂದಿಗೆ ಆಲ್ಪ್ಸ್ ದಾಟಿ ರೋಮ್ ಮೇಲೆ ದಂಡೆತ್ತಿದ ಪ್ರಾಚೀನ ಸೇನಾಪತಿ. ‘ಸ್ನೋ ಸ್ಟಾರ್ಮ್: ಹ್ಯಾನಿಬಲ್ ಆ್ಯಂಡ್ ಹಿಸ್ ಆರ್ಮಿ ಕ್ರಾಸಿಂಗ್ ದಿ ಆಲ್ಪ್ಸ್’ ಚಿತ್ರ 1812ರಲ್ಲಿ ಅಕಾಡೆಮಿಗೆ ಬಂತು.

ಟರ್ನರ್ ಆಲ್ಪ್ಸ್ ಕಂಡಿದ್ದು 1802ರಲ್ಲಿ, ಇಂಗ್ಲೆಂಡ್–ಫ್ರಾನ್ಸ್ ಯುದ್ಧಕ್ಕೆ ಸ್ವಲ್ಪ ಕಾಲ ಬಿಡುವು ಸಿಕ್ಕಾಗ. ಬೆಟ್ಟ ಹತ್ತು ವರ್ಷ ಹಳೆಯದು, ಮೋಡ ಎರಡು ವರ್ಷ ಹಳೆಯದು, ಸೈನ್ಯ ರೋಮನ್ ಇತಿಹಾಸದ್ದು, ಮನಸ್ಸಿನ ಹಿಂಬದಿಯಲ್ಲಿ ನೆಪೋಲಿಯನ್. ಯಾರ್ಕ್‌ಷೈರ್‌ನ ಆ ಗುಡುಗಿಗೆ ಹ್ಯಾನಿಬಲ್ ಹೊಳೆದದ್ದು, ಅವನೊಳಗೆ ಹ್ಯಾನಿಬಲ್‌ನ ಚಿತ್ರ ಬಿರುಗಾಳಿಯೊಂದಕ್ಕಾಗಿ ಮೊದಲೇ ಕಾಯುತ್ತಿದ್ದುದರಿಂದ ಎಂದು ನನಗನ್ನಿಸುತ್ತದೆ. ಸ್ಫೂರ್ತಿ ಎಂದು ನಾವು ಸುಲಭವಾಗಿ ಕರೆಯುವುದರಲ್ಲಿ ಈ ಕಾಯುವಿಕೆಯೇ ಹೆಚ್ಚಿನ ಪಾಲು.

ನಡೆದದ್ದನ್ನು ಬದಲಿಸಿ ಬರೆದ ಅವನ ಇನ್ನೊಂದು ಚಿತ್ರ ‘ಫೈಟಿಂಗ್ ಟೆಮರೇರ್’ (1839) ಬಗ್ಗೆ ಇಷ್ಟೇ ಸಾಕು: 1838ರಲ್ಲಿ ಆ ಹಳೆಯ ಯುದ್ಧನೌಕೆಯನ್ನು ಒಡೆಯಲು ಎಳೆದುಕೊಂಡು ಹೋದಾಗ ಅದಕ್ಕೆ ಪಟಸ್ತಂಭಗಳೇ ಇರಲಿಲ್ಲ, ಎಳೆದದ್ದು ಎರಡು ಹೊಗೆದೋಣಿಗಳು. ಟರ್ನರ್ ಸ್ತಂಭಗಳನ್ನು ನಿಲ್ಲಿಸಿದ, ದೋಣಿಯನ್ನು ಒಂದಕ್ಕೆ ಇಳಿಸಿದ.

ಬಣ್ಣ ಹಚ್ಚಿದ ಬಗೆ

ಮತ್ತೆ ರೈಲಿಗೆ ಬರೋಣ, ಈಗ ಹತ್ತಿರದಿಂದ. ಎಂಜಿನ್ನಿನ ಮುಂಭಾಗವನ್ನು ಪೂರ್ತಿ ಹಿಗ್ಗಿಸಿ. ಇಡೀ ಕ್ಯಾನ್ವಾಸಿನಲ್ಲಿ ಗಟ್ಟಿ ಅಂಚಿನ, ಕಡು ಕಪ್ಪಿನ ಭಾಗವೆಂದರೆ ಚಿಮಣಿ ಮತ್ತು ಅದರ ಸುತ್ತಲಿನ ಇಷ್ಟೇ ಜಾಗ. ಅದರ ಹಿಂದಿನ ಡಬ್ಬಿಗಳು ಆಗಲೇ ಕಂದುಬಣ್ಣಕ್ಕೆ ಕರಗುತ್ತಿವೆ, ಅವುಗಳ ಹಿಂದೆ ಸೇತುವೆ ಮಸುಕಾಗಿ ಇಲ್ಲವಾಗುತ್ತದೆ. ಕಣ್ಣು ತಾನಾಗಿ ಗಟ್ಟಿ ಅಂಚಿಗೆ ಹೋಗುತ್ತದೆ, ಅಲ್ಲಿಂದ ಹಿಂದಕ್ಕೆ ಜಾರುತ್ತದೆ, ಮತ್ತೆ ಮುಂದಕ್ಕೆ ಬರುತ್ತದೆ. ಚಲನೆ ಹುಟ್ಟುವುದು ಈ ಹೋಗಿಬರುವಿಕೆಯಲ್ಲಿ. ಎಂಜಿನ್ನಿನ ಎದುರಿಗೆ ಕೆಂಪು-ಬಿಳಿ ಹೊಳಪೊಂದಿದೆ. ಎದುರಿನಿಂದ ನೋಡುವವನಿಗೆ ಒಲೆಯ ಬೆಂಕಿ ಕಾಣುವುದಿಲ್ಲ, ಅದು ಹಿಂಬದಿಯಲ್ಲಿರುತ್ತದೆ. ಯಂತ್ರದ ಒಳಗಿನ ಬೆಂಕಿಯನ್ನು ಟರ್ನರ್ ಮುಂದಕ್ಕೆ ತಂದಿದ್ದಾನೆ.

ಸೇತುವೆಯ ಗೆರೆಗಳನ್ನು ಸ್ಕೇಲಿಟ್ಟು ನೋಡಿದರೆ ಅದು ಬಹಳ ಬೇಗ ಕಿರಿದಾಗುತ್ತದೆ ಎಂಬುದು ತಿಳಿಯುತ್ತದೆ. ಇದು ಗೊತ್ತಿಲ್ಲದವನು ಮಾಡಿದ ಕೆಲಸವಲ್ಲ. ಟರ್ನರ್ 1807ರಿಂದ 1837ರವರೆಗೆ ಅಕಾಡೆಮಿಯಲ್ಲಿ ಪರ್ಸ್ಪೆಕ್ಟಿವ್ (ದೂರ ಹೋದಂತೆ ವಸ್ತು ಕಿರಿದಾಗಿ ಕಾಣುವುದನ್ನು ಬರೆಯುವ ನಿಯಮ) ವಿಷಯದ ಪ್ರೊಫೆಸರ್. ನಿಯಮವನ್ನು ಮೂವತ್ತು ವರ್ಷ ಕಲಿಸಬೇಕಾದ ಹುದ್ದೆಯಲ್ಲಿದ್ದವನು ಅದನ್ನು ಬೇಕೆಂದೇ ಎಳೆದು ಹಿಗ್ಗಿಸಿದ್ದಾನೆ, ವೇಗಕ್ಕಾಗಿ.

ಇನ್ನು ಮಳೆ. ಟರ್ನರ್ ಗಾಢವಾದ ಕಂದು ಅಡಿಬಣ್ಣದ ಬದಲು ಬಿಳಿ ಅಡಿಬಣ್ಣದ ಮೇಲೆ ಬರೆಯುವುದನ್ನು ಬಹಳ ಮೊದಲೇ ರೂಢಿಸಿಕೊಂಡಿದ್ದ. ಜಾರ್ಜ್ ಬೋಮಾಂಟ್‌ನಂಥ ಹಳೆ ಅಭಿರುಚಿಯವರು ಅವನನ್ನೂ ಅವನಂಥವರನ್ನೂ ‘ಬಿಳಿ ಚಿತ್ರಕಾರರು’ ಎಂದು ಹಂಗಿಸುತ್ತಿದ್ದರು. ಆ ಬಿಳಿಯ ಮೇಲೆ ತೆಳುವಾದ ಪಾರದರ್ಶಕ ಪದರಗಳು, ಅಂದರೆ ಗ್ಲೇಜ್. ಅದರ ಮೇಲೆ ಪ್ಯಾಲೆಟ್ ನೈಫ್‌ನಿಂದ ಮೆತ್ತಿದ ದಪ್ಪ ಬಣ್ಣ. ಅದು ಒಣಗಿದ ಮೇಲೆ ಒಣ ಕುಂಚದಿಂದ ಮೇಲೆ ಮೇಲೆ ಉಜ್ಜಿದ ಮಸುಕು ಬಣ್ಣ, ಅಂದರೆ ಸ್ಕಂಬಲ್. ತೆಳು ಪದರದಲ್ಲಿ ಒಳಗಿನ ಬಿಳುಪು ಬೆಳಕಾಗಿ ಹೊರಬರುತ್ತದೆ, ದಪ್ಪ ಬಣ್ಣ ಬೆಳಕನ್ನು ಮೇಲೆಯೇ ತಡೆದು ಹಿಂದಕ್ಕೆ ಎಸೆಯುತ್ತದೆ. ಎರಡೂ ಅಕ್ಕಪಕ್ಕ ಬಂದಾಗ ಕಣ್ಣಿಗೆ ಆಳ ಯಾವುದು, ಮೇಲ್ಮೈ ಯಾವುದು ತಿಳಿಯುವುದಿಲ್ಲ. ಮಳೆಯಲ್ಲಿ ನಿಂತವನ ಸ್ಥಿತಿಯೂ ಅದೇ. ಜಲವರ್ಣದಲ್ಲಿ ಅದ್ವಿತೀಯನಾಗಿದ್ದ ಟರ್ನರ್ ಈ ವಸ್ತುವಿಗೆ ಎಣ್ಣೆಬಣ್ಣವನ್ನು ಆರಿಸಿದ್ದಕ್ಕೆ ಕಾರಣ ಇಲ್ಲಿದೆ ಎಂದುಕೊಂಡಿದ್ದೇನೆ. ಜಲವರ್ಣಕ್ಕೆ ಪಾರದರ್ಶಕತೆ ಇದೆ, ಮೈಯಿಲ್ಲ. ಈ ಮಳೆಗೆ ಮೈ ಬೇಕಿತ್ತು.

ಅಂದಿನ ವಿಮರ್ಶಕರಿಗೂ ಇದು ಕಣ್ಣಿಗೆ ಹೊಡೆದಿತ್ತು. ಕಾದಂಬರಿಕಾರ ಥ್ಯಾಕರೆ 1844ರಲ್ಲಿ ಫ್ರೇಸರ್ಸ್ ಮ್ಯಾಗಜೀನ್‌ಗೆ ಬರೆದ ವಿಮರ್ಶೆಯಲ್ಲಿ, ಮಳೆ ಎಂದರೆ ಕರಣೆಯಿಂದ ಮೆತ್ತಿದ ಕೊಳಕು ಪುಟ್ಟಿ (ಬಿರುಕು ಮುಚ್ಚಲು ಮೆತ್ತುವ ಹಿಟ್ಟಿನಂಥದ್ದು), ಬಿಸಿಲು ಎಂದರೆ ಕ್ರೋಮ್ ಹಳದಿಯ ದಪ್ಪ ಮುದ್ದೆಗಳು ಎಂದ. ಆದರೆ ಅದೇ ಉಸಿರಿನಲ್ಲಿ, ರೈಲು ನಿಜಕ್ಕೂ ಗಂಟೆಗೆ ಐವತ್ತು ಮೈಲಿಯಲ್ಲಿ ಬರುತ್ತಿದೆ, ಚಿತ್ರದಿಂದ ಹಾರಿ ಎದುರಿನ ಗೋಡೆ ಸೀಳಿಕೊಂಡು ಹೋಗುವ ಮುನ್ನ ಬೇಗ ಹೋಗಿ ನೋಡಿ ಎಂದೂ ಓದುಗರಿಗೆ ಹೇಳಿದ. ಮುದ್ದೆ ಬಣ್ಣವೂ ವೇಗವೂ ಒಂದೇ ಕೈಚಳಕದ ಎರಡು ಮುಖ ಎಂಬುದು ಅವನಿಗೆ ಹೊಳೆದಿತ್ತು.

ಪ್ರದರ್ಶನದ ಬಾಗಿಲು ತೆರೆಯುವ ಮುನ್ನ ಅಕಾಡೆಮಿಯ ಸದಸ್ಯರಿಗೆ ಗೋಡೆಯ ಮೇಲಿನ ಚಿತ್ರವನ್ನು ತಿದ್ದಲು ‘ವಾರ್ನಿಷಿಂಗ್ ಡೇ’ ಎಂಬ ಅವಕಾಶವಿತ್ತು. ಚಿತ್ರಕಾರ ಸಿ.ಆರ್. ಲೆಸ್ಲಿಯ ಮಗ ಜಾರ್ಜ್ ಹುಡುಗನಾಗಿದ್ದಾಗ ಅಲ್ಲಿ ನಿಂತು ಟರ್ನರ್ ಈ ಚಿತ್ರದ ಮೇಲೆ ಕೆಲಸ ಮಾಡುವುದನ್ನು ನೋಡಿದ್ದ. ಗಿಡ್ಡ ಕುಂಚ, ಕೊಳಕು ಪ್ಯಾಲೆಟ್, ಕ್ಯಾನ್ವಾಸಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಬರೆಯುತ್ತಿದ್ದನಂತೆ. ನಡುವೆ ಹುಡುಗನಿಗೆ ಆ ಪುಟ್ಟ ಮೊಲವನ್ನು ಬೆರಳು ಮಾಡಿ ತೋರಿಸಿದ. ಮೊಲ ಕಿಟಕಿಯಿಂದ ಕಂಡದ್ದಾಗಿರಲಾರದು. ಕಬ್ಬಿಣದ ವೇಗದ ಪಕ್ಕದಲ್ಲಿ ಅಳೆದು ನೋಡಲು ಜೀವವಿರುವ ಇನ್ನೊಂದು ವೇಗ ಬೇಕಾಗಿತ್ತು. ಉಳುವವನು ಮತ್ತು ದೋಣಿ ಕೂಡ ಅದೇ ಲೆಕ್ಕದವರು, ನಿಧಾನದ ಅಳತೆಗಳು.

ನಾವು ಮಾಡಿ ನೋಡಬಹುದಾದದ್ದು

ಹೊನ್ನಾವರದ ಬಳಿ ಕೊಂಕಣ ರೈಲು ಶರಾವತಿಯನ್ನು ದಾಟುವ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಮಳೆಗಾಲದಲ್ಲಿ ಆ ದಾರಿಯಲ್ಲಿ ಹೋಗುವವರು ಹೀಗೆ ಮಾಡಿ. ಸೇತುವೆಯ ಮೇಲಿರುವಷ್ಟು ಹೊತ್ತು ಫೋನ್ ತೆಗೆಯಬೇಡಿ, ಬರೀ ನೋಡಿ. ದಾಟಿದ ಕೂಡಲೇ ಅಂಗೈಯಗಲದ ಕಾಗದದಲ್ಲಿ ಪೆನ್ಸಿಲ್‌ನಿಂದ ದೊಡ್ಡ ಜಾಗಗಳನ್ನು ಮಾತ್ರ ಗುರುತಿಸಿ: ನೀರಿನ ಗೆರೆ, ತೆಂಗಿನ ಸಾಲಿನ ತಲೆಗಳು, ಮೋಡದ ಕೆಳಅಂಚು. ಅತಿ ಕಡು ಬಣ್ಣ ಎಲ್ಲಿತ್ತು, ಅತಿ ಬಿಳುಪು ಎಲ್ಲಿತ್ತು ಎಂದು ಮಾತಿನಲ್ಲಿ ಬರೆಯಿರಿ. ಯಾವ ಅಂಚು ಗಟ್ಟಿಯಾಗಿ ಕಂಡಿತು ಎಂದೂ ಬರೆಯಿರಿ, ಅದು ಸಾಮಾನ್ಯವಾಗಿ ಒಂದೇ ಇರುತ್ತದೆ. ಮನೆಗೆ ಬಂದಮೇಲೆ ಅದೇ ದೃಶ್ಯವನ್ನು ಮೂರು ಜಾಗದಿಂದ ಸಣ್ಣದಾಗಿ ಬರೆದು ನೋಡಿ. ಕಿಟಕಿಯಿಂದ ಒಂದು, ದೋಣಿಯಲ್ಲಿ ಕುಳಿತವನ ಕಣ್ಣಿನಿಂದ ಒಂದು, ಸೇತುವೆಯ ಎದುರಿಗೆ ಎತ್ತರದಿಂದ ಒಂದು. ನಿಮ್ಮನ್ನು ತಡೆದು ನಿಲ್ಲಿಸಿದ್ದು ಯಾವುದರಲ್ಲಿ ಉಳಿದಿದೆ ಎಂಬುದನ್ನು ಕಾಗದವೇ ತೋರಿಸುತ್ತದೆ. ಜಾಗ ನಿರ್ಧಾರವಾದ ಮೇಲೆ ಬೇಕಿದ್ದರೆ ಫೋಟೊಗಳನ್ನು ಹುಡುಕಿ, ಕಂಬದ ಆಕಾರಕ್ಕೆ, ದೋಣಿಯ ಮೂತಿಗೆ.

ಬಣ್ಣಕ್ಕೆ ಬಂದಾಗ ಬಿಳಿ ಅಡಿಬಣ್ಣದಿಂದ ಶುರುಮಾಡಿ. ಮೊದಲ ಪದರ ಟರ್ಪೆಂಟೈನ್ ಹೆಚ್ಚು, ಎಣ್ಣೆ ಕಡಿಮೆ. ಮೇಲೆ ಹೋದಂತೆ ಎಣ್ಣೆ ಹೆಚ್ಚಲಿ. ಇದು ತಲೆಕೆಳಗಾದರೆ ಕೆಳಪದರ ಇನ್ನೂ ಒಣಗುತ್ತ ಇರುವಾಗ ಮೇಲ್ಪದರ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಟರ್ನರ್‌ನ ಕೈಯನ್ನು ಅನುಸರಿಸಿ, ಅವನ ಸಾಮಗ್ರಿಯನ್ನು ಬೇಡ. ಮ್ಯಾಸ್ಟಿಕ್ ವಾರ್ನಿಷ್ ಮತ್ತು ನಾರಗಸೆ (ಲಿನ್‌ಸೀಡ್) ಎಣ್ಣೆ ಬೆರೆಸಿದ ಮೆಗಿಲ್ಪ್ ಎಂಬ ಮೀಡಿಯಂ, ಅಂದರೆ ಬಣ್ಣಕ್ಕೆ ಕಲಸುವ ದ್ರವ, ಅವನಿಗೆ ಪ್ರಿಯವಾಗಿತ್ತು. ಕುಂಚಕ್ಕೆ ಬೆಣ್ಣೆಯಂತೆ ಒದಗುತ್ತದೆ, ಕಾಲ ಕಳೆದಂತೆ ಹಳದಿಯಾಗುತ್ತದೆ, ಬಿರಿಯುತ್ತದೆ. ಅವನ ಹಲವು ಚಿತ್ರಗಳು ಇದರಿಂದ ನರಳಿವೆ. ಅದೇ ಹರಿವು ಬೇಕಿದ್ದರೆ ಅಂಗಡಿಯಲ್ಲಿ ಸಿಗುವ ಆಲ್ಕಿಡ್ ಮೀಡಿಯಂ ಸಾಕು. ಮಳೆಯ ದಪ್ಪ ಬಣ್ಣ ಮುಟ್ಟಿದರೆ ಕೈಗೆ ಅಂಟದಷ್ಟು ಒಣಗುವವರೆಗೆ ಅದರ ಮೇಲೆ ಸ್ಕಂಬಲ್ ಮಾಡಬೇಡಿ, ನಮ್ಮ ಕರಾವಳಿಯ ತೇವದಲ್ಲಿ ಅದಕ್ಕೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ.